ಪುಟ್ಟಮಾದಮ್ಮನ ಅಳು ಮತ್ತು ಮೇಷ್ಟ್ರ ಐದನೆಯ ಭಾಗ

ಹುಣಸೂರಿನಲ್ಲಿ ನನ್ನದು ಹೊಗೆಸೊಪ್ಪಿನ ಮಂಡಿ. ಸೊಪ್ಪಿನ ವ್ಯಾಪಾರ ವರ್ಷಕ್ಕೆ ನಾಲ್ಕು ತಿಂಗಳು, ಹೊಟ್ಟೆಯ ವ್ಯಾಪಾರ ಹನ್ನೆರಡು ತಿಂಗಳು. ಆದ್ದರಿಂದ ಮಂಡಿಯ ಮುಂದೆ ಒಂದು ಅಂಗಡಿ ಇಟ್ಟು ಸ್ಲೇಟು, ಬಳಪ, ಮಸಿಪುಡಿ, ಪಂಚಾಂಗ, ಜೊತೆಗೆ ಕಥೆಪುಸ್ತಕ ಮಾರುತ್ತಿದ್ದೆ. ಪಂಚಾಂಗ ಕೊಂಡವರು ತಮಗೆ ಬರುವ ಕಷ್ಟ ತಿಳಿದುಕೊಳ್ಳುತ್ತಾರೆ, ಕಥೆಪುಸ್ತಕ ಕೊಂಡವರು ಇನ್ನೊಬ್ಬರಿಗೆ ಬಂದ ಕಷ್ಟ ತಿಳಿದುಕೊಳ್ಳುತ್ತಾರೆ. ಎರಡರಲ್ಲಿ ಕಥೆಪುಸ್ತಕವೇ ಹೆಚ್ಚು ಹೋಗುತ್ತಿತ್ತು.

ಕೂಡಿಟ್ಟ ಸೊಪ್ಪು ವಿಂಗಡಿಸಲು ವರ್ಷವಿಡೀ ಮಂಡಿಗೆ ಬರುತ್ತಿದ್ದ ಹತ್ತು ಹೆಂಗಸರಲ್ಲಿ ಪುಟ್ಟಮಾದಮ್ಮ ಒಬ್ಬಳು. ಕಂಪಲಾಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗ ನಿಂಗರಾಜುವನ್ನು ಕಟ್ಟಿಕೊಂಡು ಹುಣಸೂರು ಸೇರಿದ್ದಳು. ಆ ಮಗ ಈಗ ಇಪ್ಪತ್ತನಾಲ್ಕು ವರ್ಷದ ಆಳು, ನನ್ನ ಮಂಡಿಯ ಗಾಡಿ ಹೊಡೆಯುತ್ತಿದ್ದ. ಪುಟ್ಟಮಾದಮ್ಮ ಸಣ್ಣ ಮೈಯವಳು, ಮಾತು ಕಡಿಮೆ. ಎಲೆಯ ಮೇಲೆ ಹೆಬ್ಬೆರಳು ಆಡಿಸಿದರೆ ಸಾಕು, ನೋಡದೆಯೇ ಅದು ಒಳ್ಳೆಯದೋ ನಡುವಿನದೋ ಕಸವೋ ಎಂದು ಬೇರೆ ಬೇರೆ ರಾಶಿಗೆ ಎಸೆಯುತ್ತಿದ್ದಳು. ಓದು ಬಾರದು. ಹುಣಸೂರಿನಲ್ಲಿ ಅವಳಷ್ಟು ಪುಸ್ತಕ ಬಲ್ಲವರೂ ಇರಲಿಲ್ಲ.

ಅದು ಹೇಗೆಂದರೆ, ಹೆಂಗಸರು ಸೊಪ್ಪು ಹಿಡಿದು ಕೂತಾಗ ಬಾಯಿ ಸುಮ್ಮನಿರುವುದಿಲ್ಲ. ಬಾಯಿ ಓಡಿದರೆ ಕೈ ನಿಲ್ಲುತ್ತದೆ. ಬೈದರೆ ಕೈಯೂ ನಿಲ್ಲುತ್ತದೆ, ಬಾಯಿ ಇನ್ನಷ್ಟು ಓಡುತ್ತದೆ. ಒಂದು ದಿನ ಬೇಸತ್ತು, ಅಂಗಡಿಯಿಂದ ಒಂದು ಕಥೆಪುಸ್ತಕ ತಂದು ಗಟ್ಟಿಯಾಗಿ ಓದಿದೆ. ಮಂಡಿ ತಣ್ಣಗಾಯಿತು. ಸೊಸೆಯನ್ನು ಅತ್ತೆ ಮನೆಯಿಂದ ಹೊರಗೆ ಹಾಕುವ ಘಟ್ಟ ಬಂದಾಗ ಹತ್ತೂ ಜನ ಮೂಗು ಎಳೆಯುತ್ತಿದ್ದರು, ಇಪ್ಪತ್ತು ಕೈ ಓಡುತ್ತಿತ್ತು. ಅಂದಿನಿಂದ ಮಧ್ಯಾಹ್ನದ ಮೇಲೆ ಓದು ಖಾಯಂ ಆಯಿತು. ಹೊಗೆಸೊಪ್ಪು ಒಣಗಿದರೆ ಪುಡಿಯಾಗುತ್ತದೆ, ಆಗಾಗ ನೀರು ಚಿಮುಕಿಸಬೇಕು. ನಮ್ಮ ಮಂಡಿಗೆ ನೀರು ಹೊರುವ ಕೆಲಸವೇ ತಪ್ಪಿತು ಎಂದು ನಾನು ತಮಾಷೆ ಮಾಡುತ್ತಿದ್ದೆ.

"ನೀವೂ ವಸಿ ಅಳಿ ಶೆಟ್ರೇ, ನಿಮ್ಮ ಕಣ್ಣಲ್ಲಿ ನೀರೈತೋ ಇಲ್ವೋ ನೋಡವ" ಎಂದು ಮರಮ್ಮ ಕೆಣಕುತ್ತಿದ್ದಳು. ಮಂಡಿಯಲ್ಲಿ ಎಲ್ಲರಿಗಿಂತ ಬಾಯಿ ದೊಡ್ಡದು ಅವಳದು.

"ನಾನು ಅತ್ತರೆ ಅಕ್ಷರ ಕಾಣಲ್ಲ ಕಣಮ್ಮ. ಆಮೇಲೆ ನಿಮ್ಗೆ ಓದೋರು ಯಾರು?"

"ಬುಡಿ ಬುಡಿ, ಯಾಪಾರಸ್ತರು ಅತ್ರೆ ಮಳೆ ನಿಂತೋಯ್ತದೆ."

ಪುಟ್ಟಮಾದಮ್ಮ ಈ ಮಾತುಗಳಿಗೆ ಸೇರುತ್ತಿರಲಿಲ್ಲ. ಅವಳ ಅಳುವೂ ಬೇರೆ ಥರದ್ದು. ಉಳಿದವರು ಸೆರಗಿನಲ್ಲಿ ಒರೆಸಿಕೊಂಡು, ಕಥೆಯ ಅತ್ತೆಗೆ ಶಾಪ ಹಾಕಿ, ಹಗುರಾಗಿ ಎದ್ದು ಹೋಗುತ್ತಿದ್ದರು. ಅವಳು ಸದ್ದಿಲ್ಲದೆ ಅಳುತ್ತಿದ್ದಳು, ಒರೆಸಿಕೊಳ್ಳುತ್ತಿರಲಿಲ್ಲ. ಓದು ನಿಂತ ಮೇಲೂ ಅಳು ನಿಲ್ಲುತ್ತಿರಲಿಲ್ಲ. ಬಾವಿಯಲ್ಲಿ ಸೆಲೆ ಸಿಕ್ಕಿದಂತೆ.

ಆ ಸೆಲೆಯನ್ನು ಮೊದಲು ಗುರುತಿಸಿದವರು ಜವರಯ್ಯ ಮೇಷ್ಟ್ರು. ರಾವಂದೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಉಳಿದ ಹೊತ್ತಿನಲ್ಲಿ 'ನೀಲಾಜಿಯ ಬಾಳು' ಎಂಬ ಕಾದಂಬರಿ ಬರೆಯುತ್ತಿದ್ದರು. ಇಡೀ ಪುಸ್ತಕ ಒಟ್ಟಿಗೆ ಅಚ್ಚು ಹಾಕಿಸುವ ತ್ರಾಣ ಇಲ್ಲದ್ದರಿಂದ ಭಾಗ ಭಾಗವಾಗಿ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಹಾಕಿಸಿ, ನನ್ನ ಅಂಗಡಿಯಲ್ಲಿ ಮಾರಲು ಕೊಡುತ್ತಿದ್ದರು. ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಮೂರು ತಿಂಗಳೋ ಆರು ತಿಂಗಳೋ. ಅಷ್ಟು ದಿನ ಜನರ ಆಸೆ ಆರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಂಗಡಿ ಮುಚ್ಚುವ ಹಲಗೆಗಳಲ್ಲಿ ಒಂದಕ್ಕೆ ಮಸಿ ಬಳಿದು, ಬಳಪದಲ್ಲಿ ವರ್ತಮಾನ ಬರೆಯುತ್ತಿದ್ದೆ.

"ನೀಲಾಜಿಯ ಬಾಳು, ಮೂರನೆಯ ಭಾಗ ಅಚ್ಚಿನಲ್ಲಿದೆ. ಅವಸರ ಮಾಡಬಾರದಾಗಿ ಪ್ರಾರ್ಥನೆ."

"ಗ್ರಂಥಕರ್ತರಿಗೆ ಚಳಿಜ್ವರ. ಕಥಾನಾಯಕಿಗೆ ಅದಕ್ಕಿಂತ ಹೆಚ್ಚಿನ ಕಷ್ಟ ಕಾದಿದೆ."

"ನಾಳೆ ಮೈಸೂರಿನ ಮೋಟಾರಿನಲ್ಲಿ ಬರುವ ಸಂಭವ. ಕರವಸ್ತ್ರ ತರುವುದು."

ಸಂತೆಗೆ ಬಂದವರು ಉಪ್ಪು ಮೆಣಸಿನಕಾಯಿ ಕೊಳ್ಳುವ ಮೊದಲು ಹಲಗೆ ಓದಿಸಿಕೊಂಡು ಹೋಗುತ್ತಿದ್ದರು. ಅತ್ತು ಸುಸ್ತಾಗುವುದಕ್ಕೆ ಜನ ಇಷ್ಟು ಆತುರಪಡುತ್ತಾರೆಂದು ಅಲ್ಲಿಯ ತನಕ ನನಗೂ ಗೊತ್ತಿರಲಿಲ್ಲ. ನಗಿಸುವ ಪುಸ್ತಕಗಳೂ ಅಂಗಡಿಯಲ್ಲಿದ್ದವು. ಅವನ್ನು ಇಲಿ ಓದುತ್ತಿದ್ದವು.

ಮೇಷ್ಟ್ರು ಅಚ್ಚಿಗೆ ಕಳಿಸುವ ಮೊದಲು ಕೈಬರಹ ತಂದು ಮಂಡಿಯಲ್ಲಿ ಕೂತು ಪುಟ್ಟಮಾದಮ್ಮನಿಗೆ ಓದಿ ಹೇಳುತ್ತಿದ್ದರು. ಅವಳು ಅತ್ತರೆ ಆ ಪುಟ ಪ್ರೆಸ್ಸಿಗೆ. ಅವಳ ಕೈ ಎಲೆ ಎಣಿಸಿಕೊಂಡು ಸುಮ್ಮನೆ ಓಡಿದರೆ ಆ ಪುಟ ಹರಿದು ಕಿಸೆಗೆ. ಎರಡನೆಯ ಭಾಗದಲ್ಲಿ ನೀಲಾಜಿಯ ಗಂಡ ಸಾಯುವಾಗ ನಾಲ್ಕು ಪುಟ ಭಾಷಣ ಮಾಡುತ್ತಿದ್ದ. ಪುಟ್ಟಮಾದಮ್ಮ, "ಸಾಯೋರು ಇಷ್ಟೊಂದ್ ಮಾತಾಡಕಿಲ್ಲ ಮೇಷ್ಟ್ರೇ, ನೀರು ಕೇಳ್ತಾರೆ ಅಷ್ಟೇಯ" ಎಂದಳು. ಮೇಷ್ಟ್ರು ನಾಲ್ಕು ಪುಟ ಹರಿದರು. ಪುಸ್ತಕದಲ್ಲಿ ಆತ ನೀರು ಕೇಳಿ ಸತ್ತ. ಆ ಭಾಗ ಹದಿನೈದು ದಿನದಲ್ಲಿ ಖಾಲಿಯಾಯಿತು.

ಇಲ್ಲಿಯ ತನಕ ಯಾರ ತಪ್ಪೂ ಇಲ್ಲ. ಇನ್ನು ಮುಂದಿನದೆಲ್ಲ ನನ್ನದು.

ಒಂದು ಮಧ್ಯಾಹ್ನ ಉಳಿದ ಹೆಂಗಸರು ಊಟಕ್ಕೆ ಹೋಗಿದ್ದರು. ಪುಟ್ಟಮಾದಮ್ಮ ಒಬ್ಬಳೇ ರಾಶಿಯ ಮುಂದಿದ್ದಳು. ಯಾವ ಸರಕು ಯಾಕೆ ಓಡುತ್ತದೆ ಎಂದು ತಿಳಿಯದಿದ್ದರೆ ವ್ಯಾಪಾರಿಗೆ ನಿದ್ದೆ ಬಾರದು. ಕೇಳಿಯೇಬಿಟ್ಟೆ.

"ಅಲ್ಲಮ್ಮ ಪುಟ್ಟಮಾದಮ್ಮ, ನೀಲಾಜಿ ನಿನಗೇನು ಬಂಧುವೇ ಬಳಗವೇ? ಯಾಕಮ್ಮ ಅಷ್ಟು ಅಳ್ತೀಯೆ?"

ಎಲೆ ಬಿಡಿಸುತ್ತ, ತಲೆ ಎತ್ತದೆ ಹೇಳಿದಳು.

ಗಂಡ ಆಗಲೇ ತೀರಿಕೊಂಡಿದ್ದ, ನಿಂಗರಾಜು ಎರಡು ತಿಂಗಳ ಕೂಸು. ಆ ವರ್ಷ ಅವಳ ಊರಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು ಬಂತೆಂದು ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಗುಡಿಸಲಿಗೆ ಬಂದ ಮಾರನೆಯ ದಿನವೇ ಅವಳ ದೊಡ್ಡ ಮಗುವಿಗೆ, ಐದು ವರ್ಷದ ಹೆಣ್ಣಿಗೆ, ಕಂಕುಳಲ್ಲಿ ಗಡ್ಡೆ ಎದ್ದಿತು. ಅತ್ತೆ ಆ ಮಗುವನ್ನು ಎತ್ತಿಕೊಂಡು ತೊರೆಯ ಆಚೆ ಬೇರೆ ಗುಡಿಸಲಲ್ಲಿ ಉಳಿದಳು. ಈಚೆಯಿಂದ ಪುಟ್ಟಮಾದಮ್ಮ ದಿನಾ ಬೆಳಗ್ಗೆ ತೊರೆಯ ನಡುವಿನ ಬಂಡೆಯ ಮೇಲೆ ಮುದ್ದೆ ಇಟ್ಟು ಬರುವಳು, ಅತ್ತೆ ಆಚೆಯಿಂದ ಬಂದು ಎತ್ತಿಕೊಳ್ಳುವಳು.

"ಮೂರ್ನೇ ದಿನ ಹೋದೆ. ನೆನ್ನೆ ಇಟ್ಟ ಮುದ್ದೆ ಅಂಗೇ ಇತ್ತು ಶೆಟ್ರೇ, ಬಂಡೆ ಮ್ಯಾಲೆ. ಅತ್ತೆನೂ ಬಿದ್ದೋಗವ್ರೆ ಅಂತ ತಿಳೀತು. ಆಚೆಯಿಂದ ಕೂಸು ಕೂಗ್ತಿತ್ತು. ಅವ್ವಾ ಅಂತ. ತೊರೇಲಿ ಮೊಣಕಾಲುದ್ದ ನೀರು. ಅಷ್ಟೇಯ."

"ಹೋಗ್ಲಿಲ್ವಾ?"

"ಕಂಕುಳಲ್ಲಿ ಇವನಿದ್ದ. ಆಚೆ ಹೋದ್ರೆ ಇವನಿಗೂ ಬತ್ತದೆ. ನಿಂತ್ಕಂಡೆ. ಎರಡು ದಿನ ಕೂಗ್ತು. ಎರಡು ದಿನ ನಿಂತ್ಕಂಡೆ." ಒಂದು ಎಲೆಯನ್ನು ಕಸದ ರಾಶಿಗೆ ಎಸೆದಳು. "ನನ್ನ ಯಾರೂ ಹಿಡ್ಕಂಡಿರ್ನಿಲ್ಲ ಶೆಟ್ರೇ."

ನಾನು ರಾಶಿಯ ಪಕ್ಕ ಕೂತೆ.

"ಮನೇಲಿ ಅಳಕ್ಕಾಗಕಿಲ್ಲ. ನಿಂಗರಾಜು ಯಾಕವ್ವ ಅಂತಾನೆ. ಏನಂತ ಯೋಳ್ಲಿ? ನಿನ್ನ ಉಳಿಸ್ಕಂಡು ನಿಮ್ಮಕ್ಕನ್ನ ಬುಟ್ಟೆ ಅನ್ನಲಾ? ಇಲ್ಲಿ ಅತ್ರೆ ನೀಲಾಜಿಗೆ ಅಳ್ತಾವ್ಳೆ ಅಂತಾರೆ, ಯಾರೂ ಕೇಳಕಿಲ್ಲ." ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. "ಯಾರ್ಗೂ ಯೋಳ್ಬ್ಯಾಡಿ."

"ನನ್ನಾಣೆ ಹೇಳಲ್ಲ" ಎಂದೆ. ಅದು ಬುಧವಾರ. ನನ್ನ ಆಣೆ ಶನಿವಾರದ ತನಕ ಬಾಳಿತು.

ಶನಿವಾರ ಮೇಷ್ಟ್ರು ಬಂದು ಅಂಗಡಿಯ ಜಗಲಿಯ ಮೇಲೆ ಕುಸಿದರು. ನಾಲ್ಕನೆಯ ಭಾಗ ಮುಂದಕ್ಕೆ ಹೋಗುತ್ತಿಲ್ಲ ಎಂದರು. ಮನೆ ಹೋಯಿತು, ಗಂಡ ಹೋದ, ನೀಲಾಜಿಗೆ ಇನ್ನು ಯಾವ ಕಷ್ಟ ಕೊಡುವುದು ಎಂದು ತೋಚುತ್ತಿಲ್ಲ ಎಂದರು. ಹಲಗೆಯ ಮೇಲೆ ನಾನಾಗಲೇ 'ಹಿಂದೆಂದೂ ಕೇಳರಿಯದ ದುಃಖ' ಎಂದು ಬರೆದಿದ್ದೆ. ಮಾತು ಕೊಟ್ಟ ಸರಕು ಒದಗಿಸಬೇಕಲ್ಲ. ಒಂದು ಲೋಟ ಕಾಫಿ ತರಿಸಿ, ತೊರೆ, ಬಂಡೆ, ಮುದ್ದೆ, ಎಲ್ಲವನ್ನೂ ಹೇಳಿದೆ. ಹೆಸರು ಹೇಳಲಿಲ್ಲ. ಹೆಸರು ಹೇಳದಿದ್ದ ಮೇಲೆ ಆಣೆ ಮುರಿದಂತಾಗಲಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಮೇಷ್ಟ್ರ ಕಾಫಿ ಆರಿಹೋಯಿತು. "ಶೆಟ್ರೇ, ಇದು ಎಲ್ಲಿ ನಡೆದದ್ದು?"

"ಎಲ್ಲೋ ಕೇಳಿದ್ದು, ಬಿಡಿ. ಬರೀರಿ."

"ಬರೆದು ಪುಟ್ಟಮಾದಮ್ಮನಿಗೆ ಓದಿ ಹೇಳ್ತೀನಿ."

"ಬೇಡ ಬೇಡ" ಎಂದೆ. ಎಷ್ಟು ಬೇಗ ಎಂದೆನೆಂದರೆ ಮೇಷ್ಟ್ರು ಬೆಚ್ಚಿದರು. "ಆಗಲೇ ತಡವಾಗಿದೆ. ನೇರ ಪ್ರೆಸ್ಸಿಗೆ ಕಳಿಸಿ."

ನಾಲ್ಕನೆಯ ಭಾಗ ಬಂತು. ಮೇಷ್ಟ್ರು ಊರು ಬದಲಾಯಿಸಿದ್ದರು, ಅತ್ತೆಯ ಬದಲು ಸೋದರತ್ತೆ ಮಾಡಿದ್ದರು, ಹೆಣ್ಣುಮಗುವನ್ನು ಗಂಡು ಮಾಡಿದ್ದರು. ಬಂಡೆ ಬಂಡೆಯಾಗಿಯೇ ಇತ್ತು, ಮುದ್ದೆ ಮುದ್ದೆಯಾಗಿಯೇ ಇತ್ತು. ಮಂಡಿಯ ಹೆಂಗಸರು ಓದಿ ಓದಿ ಎಂದು ಪೀಡಿಸಿದರು. ಪುಟ್ಟಮಾದಮ್ಮನನ್ನು ಅಂದು ಹಿಂದಿನ ಕೋಣೆಗೆ ಕಳಿಸಿ ಗೋಣಿಚೀಲ ಹೊಲಿಯಲು ಹಚ್ಚಿದೆ. ನಡುವೆ ಗೋಡೆ ಇತ್ತು, ಬಾಗಿಲಿಗೆ ಕದ ಇರಲಿಲ್ಲ. ಅವಳು ಚೀಲ, ದಬ್ಬಳ ಹಿಡಿದು ಬಾಗಿಲಲ್ಲೇ ಬಂದು ಕೂತಳು. ಓದದೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಬಂಡೆಯ ಮೇಲೆ ನಿನ್ನೆಯ ಮುದ್ದೆ ಹಾಗೆಯೇ ಇತ್ತು ಎಂಬಲ್ಲಿಗೆ ಮರಮ್ಮ ಗೊಳೋ ಎಂದಳು. ಒಂಬತ್ತು ಜನರೂ ಅತ್ತರು. ಪುಟ್ಟಮಾದಮ್ಮ ಮಾತ್ರ ಅಳಲಿಲ್ಲ. ದಬ್ಬಳ ಚೀಲದಲ್ಲಿ ಅರ್ಧ ಇಳಿದು ನಿಂತಿತ್ತು. ನನ್ನನ್ನೇ ನೋಡುತ್ತಿದ್ದಳು. ನೀಲಾಜಿ ತೊರೆಯ ದಡದಲ್ಲಿ ನಿಂತಿದ್ದಾಳೆ, ಆಚೆಯಿಂದ ಮಗು ಕೂಗುತ್ತಿದೆ. ಆ ಭಾಗ ಅಲ್ಲಿಗೆ ಮುಗಿಯಿತು.

ಎಲ್ಲರೂ ಹೋದ ಮೇಲೆ ಹತ್ತಿರ ಬಂದಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ಮುಂದ್ಲ ಭಾಗದಲ್ಲಿ ಆಯಮ್ಮ ತೊರೆ ದಾಟ್ತಾಳಾ ಶೆಟ್ರೇ?"

"ಗೊತ್ತಿಲ್ಲಮ್ಮ. ಮೇಷ್ಟ್ರು ಇನ್ನೂ ಬರೆದಿಲ್ಲ."

"ಬರೆದ ತಕ್ಷಣ ನನ್ಗೆ ಯೋಳಿ" ಎಂದು ಹೊರಟುಹೋದಳು.

ಮುಂದಿನ ನಾಲ್ಕು ತಿಂಗಳು ಅದೇ ಪ್ರಶ್ನೆ ತಾಲ್ಲೂಕನ್ನೆಲ್ಲ ಹಿಡಿಯಿತು. ಪಿರಿಯಾಪಟ್ಟಣದಿಂದ ಕಾಗದ ಬಂತು. ಹೊಸದಾಗಿ ಕಟ್ಟಿದ ಕೃಷ್ಣರಾಜನಗರದಿಂದ ಒಬ್ಬ ಗುಮಾಸ್ತರು ಮೋಟಾರು ಹತ್ತಿ ಬಂದು, ನೀಲಾಜಿ ದಾಟದಿದ್ದರೆ ಮುಂದಿನ ಭಾಗ ಕೊಳ್ಳುವುದಿಲ್ಲ ಎಂದು ಎಚ್ಚರಿಕೆ ಕೊಟ್ಟು, ಮುಂದಿನ ಭಾಗಕ್ಕೆ ಹೆಸರು ಬರೆಸಿ ಹೋದರು. ನಾನು ಹಲಗೆಯ ಮೇಲೆ 'ದಾಟುವಳೇ? ದಾಟಳೇ?' ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಅದರ ಮುಂದೆ ದಿನಾ ಬೆಳಗ್ಗೆ ಪುಟ್ಟಮಾದಮ್ಮ ಹಾದು ಬರುತ್ತಿದ್ದಳು. ಅವಳಿಗೆ ಓದು ಬಾರದು ಎಂಬುದೊಂದೇ ನನಗಿದ್ದ ಸಮಾಧಾನ. ಎಂಥ ಸಮಾಧಾನ!

ಮೇಷ್ಟ್ರಿಗೂ ತೀರ್ಮಾನ ಆಗಿರಲಿಲ್ಲ. ಎರಡು ಥರ ಬರೆದು ತಂದಿದ್ದರು. ಒಂದರಲ್ಲಿ ನೀಲಾಜಿ ಕೂಸನ್ನು ಮರದಡಿ ಮಲಗಿಸಿ ನೀರಿಗೆ ಇಳಿಯುತ್ತಾಳೆ, ಆಚೆಯ ಮಗು ಬದುಕುತ್ತದೆ. ಇನ್ನೊಂದರಲ್ಲಿ ನಿಂತೇ ಇರುತ್ತಾಳೆ, ಕೂಗು ನಿಲ್ಲುತ್ತದೆ.

"ಯಾವುದು ಹಾಕಲಿ ಶೆಟ್ರೇ?"

"ದಾಟಿದರೆ ಜನ ಒಂದು ದಿನ ಸಂತೋಷಪಟ್ಟು ಮರೀತಾರೆ ಮೇಷ್ಟ್ರೇ. ದಾಟದಿದ್ದರೆ ಹತ್ತು ವರ್ಷ ಮಾತಾಡ್ತಾರೆ."

"ನಿಮಗೆ ಯಾವುದು ನಿಜ ಅನ್ಸುತ್ತೆ?"

"ದಾಟದ್ದು" ಎಂದೆ. ನಿಜ ಯಾವುದೆಂದು ನನಗೆ ಗೊತ್ತಿತ್ತಲ್ಲ. ಈ ಸಲವೂ ಕೈಬರಹ ಪುಟ್ಟಮಾದಮ್ಮನ ಕಿವಿಗೆ ಬೀಳದೆ ನೇರ ಪ್ರೆಸ್ಸಿಗೆ ಹೋಯಿತು.

ಐದನೆಯ ಭಾಗದ ಕಟ್ಟು ಮೋಟಾರಿನಿಂದ ಇಳಿದ ದಿನ ಮಂಡಿಯಲ್ಲಿ ಯಾರೂ ಸೊಪ್ಪು ಮುಟ್ಟಲಿಲ್ಲ. ಪುಟ್ಟಮಾದಮ್ಮ ಎಂದೂ ಇಲ್ಲದೆ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದಳು, ಎರಡು ಕೈಯನ್ನೂ ಮಡಿಲಲ್ಲಿ ಹಿಡಿದುಕೊಂಡು. ಓದಲು ಶುರು ಮಾಡಿದೆ. ನೀಲಾಜಿ ದಡಕ್ಕೆ ಬಂದಳು. ಅಷ್ಟರಲ್ಲಿ ಆ ಕೈಗಳು ಕಣ್ಣಿಗೆ ಬಿದ್ದವು. ಹೊಗೆಸೊಪ್ಪಿನ ಕರೆ ಹಿಡಿದ ಬೆರಳುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ನನ್ನ ಧೈರ್ಯ ಹೋಯಿತು. ಇವಳಿಗೆ ಇಷ್ಟಾದರೂ ಕೊಡೋಣ ಎನ್ನಿಸಿತು. ಪುಟ ಮಗುಚಿ, ಅಲ್ಲಿಲ್ಲದ್ದನ್ನು ಓದಿದೆ. ಮೇಷ್ಟ್ರು ಕೈಬಿಟ್ಟ ಆ ಇನ್ನೊಂದು ಕೊನೆ ನನಗೆ ನೆನಪಿತ್ತು. ನೀಲಾಜಿ ಕೂಸನ್ನು ಮಲಗಿಸಿದಳು, ನೀರಿಗೆ ಇಳಿದಳು, ದಾಟಿದಳು, ಮಗುವನ್ನು ಎತ್ತಿಕೊಂಡಳು. ಗಡ್ಡೆ ಒಡೆದು ಮಗು ಬದುಕಿತು. ಮಂಗಳಂ.

ಯಾರೂ ಮೂಗು ಎಳೆಯಲಿಲ್ಲ.

"ಇದೇನ್ ಶೆಟ್ರೇ, ಉಪ್ಪಿಲ್ದ ಸಾರು!" ಎಂದಳು ಮರಮ್ಮ. "ನಾಕ್ ತಿಂಗ್ಳು ಕಾಯ್ಸಿ ಇದಾ ಕೊಡಾದು?"

"ಮಗು ಬದುಕಿದ್ದು ನಿನಗೆ ಬೇಡವೇನಮ್ಮ?"

"ಬದುಕ್ಲಿ ಬುಡಿ, ಬ್ಯಾಡ ಅಂದೋರ್ಯಾರು. ನಂಬಿಕೆ ಬರನಿಲ್ಲ ಅಷ್ಟೇಯ."

ನಾನು ಪುಟ್ಟಮಾದಮ್ಮನ ಕಡೆ ನೋಡಿದೆ. ಒಂದು ಸಣ್ಣ ನಗು ಕಂಡೀತು ಎಂಬ ದುರಾಸೆ. ಅವಳ ಮುಖ ಒಣಗಿದ ಎಲೆಯಂತಾಗಿತ್ತು, ಮುಟ್ಟಿದರೆ ಪುಡಿಯಾಗುವಂತೆ.

"ಹೋದ್ಲಾ ಅವ್ಳು?" ಎಂದಳು ಮೆಲ್ಲಗೆ. "ಅಂಗಾರೆ ಓಗ್ಬೋದಿತ್ತು. ನಾನೊಬ್ಬಳೇಯ ಓಗ್ದೆ ಇದ್ದೋಳು."

ಮಾತು ನನಗೆ ಮಾತ್ರ ಕೇಳಿಸಿತು. ಸೆರಗು ಕೊಡವಿ ಎದ್ದು ಹೋದಳು.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ನಿಂಗರಾಜು ಗಾಡಿ ಕಟ್ಟುತ್ತಾ, "ಅವ್ವ ಉಣ್ತಾನೇ ಇಲ್ಲ ಶೆಟ್ರೇ. ಜ್ವರಾನೂ ಇಲ್ಲ. ಕೇಳಿದ್ರೆ ಗ್ವಾಡೆ ಕಡೆ ತಿರುಗಿ ಮಲಗ್ತಾಳೆ. ಯಾರಾರ ಏನಾರ ಅಂದ್ರಾ ಮಂಡೀಲಿ?" ಎಂದ.

"ಇಲ್ಲಪ್ಪ" ಎಂದೆ. ಆ ಹುಡುಗನ ಮುಖ ನೋಡಿ ಎರಡನೆಯ ಸುಳ್ಳು. ಅವನನ್ನು ಪಿರಿಯಾಪಟ್ಟಣಕ್ಕೆ ಸರಕು ಹೇರಿ ಕಳಿಸಿ, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಲಕ್ಷ್ಮಣತೀರ್ಥ ಹೊಳೆಯ ದಂಡೆಯಲ್ಲಿದ್ದ ಅವರ ಕೇರಿಗೆ ನಡೆದೆ. ನಲವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಕೊಟ್ಟ ಸರಕು ಕೆಟ್ಟದ್ದೆಂದು ನಾನಾಗಿಯೇ ಗಿರಾಕಿಯ ಮನೆ ಬಾಗಿಲಿಗೆ ಹೋದದ್ದು ಅದೇ ಮೊದಲು.

ಪುಟ್ಟಮಾದಮ್ಮ ಗೋಡೆಗೆ ಒರಗಿ ಕೂತಿದ್ದಳು. ಏಳಲು ಹೋದಳು, ಬೇಡವೆಂದು ಹೊಸಿಲ ಹತ್ತಿರವೇ ಕೂತೆ.

"ಅವಳು ದಾಟಲಿಲ್ಲ ಪುಟ್ಟಮಾದಮ್ಮ."

ಅವಳು ತಿರುಗಿದಳು.

"ಪುಸ್ತಕದಲ್ಲಿ ದಾಟಲ್ಲ. ನಾನೇ ದಾಟಿಸಿದೆ. ನಿನಗೆ ಸಮಾಧಾನ ಆಗಲಿ ಅಂತ."

"ಯಾರ್ ಕೇಳಿದ್ರು ಸಮಾಧಾನವ?" ಧ್ವನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಆಣೆ ಮಾಡಿ ನನ್ನ ಮಾತ ಎತ್ಕಂಡೋಗಿ ಮಾರ್ಕಂಡ್ರಿ. ಓಗ್ಲಿ ಅಂತ ಸುಮ್ಕಿದ್ದೆ. ಎಲ್ಲಾರೂ ಅತ್ರಲ್ಲ, ನನ್ನ ಕೂಸ್ಗೆ ಊರೆಲ್ಲ ಅತ್ತಂಗಾಯ್ತು ಅಂತ ಸುಮ್ಕಿದ್ದೆ. ಆಮ್ಯಾಕೆ ಅದನೂ ಕಿತ್ಕಂಡ್ರಲ್ಲ ಶೆಟ್ರೇ! ಅವ್ಳೊಬ್ಳು ಜತೆಗವ್ಳೆ ಅನ್ಕಂಡಿದ್ದೆ."

ಕಂಕುಳಿಂದ ಪುಸ್ತಕ ತೆಗೆದೆ. "ಓದಲಾ?" ಎಂದೆ.

"ಓದಿ. ಇರಾದ್ನೇ ಓದಿ."

ಇದ್ದದ್ದನ್ನೇ ಓದಿದೆ. ಒಂದು ಅಕ್ಷರ ಬಿಡಲಿಲ್ಲ. ನೀಲಾಜಿ ನಿಂತಳು, ಬಿಸಿಲು ಏರಿತು, ಇಳಿಯಿತು, ಮಗುವಿನ ಕೂಗು ಸಣ್ಣದಾಯಿತು. ನಡುವೆ ಒಂದೇ ಸಲ ನಿಲ್ಲಿಸಿದಳು.

"ಅವ್ಳ ಯಾರಾರ ಹಿಡ್ಕಂಡಿದ್ರಾ?"

"ಇಲ್ಲ. ಯಾರೂ ಹಿಡ್ಕೊಂಡಿಲ್ಲ."

"ಊಂ. ಓದಿ."

ಕೂಗು ನಿಂತಿತು. ಪುಟ್ಟಮಾದಮ್ಮ ಅತ್ತಳು. ಈ ಸಲ ಸದ್ದು ಮಾಡಿ, ಎದೆ ಹೊಡೆದುಕೊಂಡು, ಮಗುವಿನ ಹೆಸರು ಹಿಡಿದು ಕರೆದು ಅತ್ತಳು. ಆ ಹೆಸರು ನಾನು ಎಲ್ಲಿಯೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ನನ್ನ ಕಣ್ಣಿಗೂ ಅಕ್ಷರ ಕಾಣದಾಯಿತು.

ಬಹಳ ಹೊತ್ತಾದ ಮೇಲೆ ಮುಖ ತೊಳೆದು ಬಂದು ಕೇಳಿದಳು, "ಆಮ್ಯಾಕೆ?"

"ಅಷ್ಟೇ. ಪುಸ್ತಕ ಮುಗೀತು."

"ಮುಗಿಯಾದೆಂಗೆ? ಅವ್ಳು ಬದುಕವ್ಳೆ ತಾನೇ? ಸಂಜೆಗೆ ಆ ಎಳೇಕೂಸ್ಗೆ ಹಾಲು ಕುಡಿಸ್ಬೇಕಲ್ಲ. ಆ ಹೊತ್ನಲ್ಲಿ ಹಾಲು ಬಂತಾ? ಮಾರ್ನೇ ದಿನ ಯಾವ ಮಕ ಒತ್ಕಂಡು ಊರೊಳಿಕ್ ಹೋದ್ಲು? ಆ ಕೂಸು ದೊಡ್ದಾಗಿ ನಂಗೆ ಅಕ್ಕ ಇದ್ಲಾ ಅಂದ್ರೆ ಏನಂದ್ಲು? ಇದ್ಯಾವ್ದೂ ಬರೆದಿಲ್ವಾ ಮೇಷ್ಟ್ರು?"

ಪುಸ್ತಕದ ಮಗು ಗಂಡು, ಅವಳ ಬಾಯಲ್ಲಿ ಅಕ್ಕನೇ ಬಂದಳು. "ಮೇಷ್ಟ್ರಿಗೆ ಗೊತ್ತಿಲ್ಲಮ್ಮ."

"ಅದೆಂಗೆ ಗೊತ್ತಾಯ್ತದೆ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಶನಿವಾರ ಬತ್ತಾರಲ್ಲ? ನಾನೇ ಯೋಳ್ತೀನಿ, ಬರ್ಕಳ್ಳಲಿ. ಅದಕ್ಕೂ ಮುಂದಾಗಿ ನಿಂಗರಾಜನ್ಗೆ ಯೋಳ್ಬೇಕು. ಬುಕ್ಕಲ್ಲಿ ಕೇಳಿ ತಿಳ್ಕಬಾರ್ದು ಅವನು."

ಶುಕ್ರವಾರ ನಿಂಗರಾಜು ಗಾಡಿ ಕಟ್ಟಲು ಬರಲಿಲ್ಲ. ಶನಿವಾರ ಬಂದ. ಕಣ್ಣು ಊದಿತ್ತು. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ, ಆದರೆ ತಾಯಿಯನ್ನು ಕೈ ಹಿಡಿದು ಮಂಡಿಯ ತನಕ ಕರೆತಂದು, ಕೂರಿಸಿ, ಪಕ್ಕದಲ್ಲೇ ತಾನೂ ಕೂತ. ಮೇಷ್ಟ್ರು ಕಾಗದ ಬಿಡಿಸಿ ಮಸಿಬಾಟಲಿ ತೆರೆದರು. ಹಿಂದಿನ ದಿನವೇ ರಾವಂದೂರಿಗೆ ಹೋಗಿ ಅವರಿಗೆ ಎಲ್ಲ ಹೇಳಿದ್ದೆ. ಕೇಳಿದಾಗಿನಿಂದ ಅವರೂ ನನ್ನ ಮುಖ ನೋಡುತ್ತಿರಲಿಲ್ಲ. ನಾನು ರಾಶಿಯ ಪಕ್ಕ ಎಂದಿನ ನನ್ನ ಜಾಗದಲ್ಲಿ ಕೂರಲು ಹೋದೆ.

"ನೀವಿರ್ಬ್ಯಾಡಿ ಶೆಟ್ರೇ" ಎಂದಳು ಪುಟ್ಟಮಾದಮ್ಮ.

ಸಿಟ್ಟಿನಿಂದ ಹೇಳಲಿಲ್ಲ. ಕಸದ ಎಲೆಯನ್ನು ಬೇರೆ ಇಡುವಾಗ ಸಿಟ್ಟು ಮಾಡುತ್ತಿದ್ದಳೇ?

ಹೊರಗೆ ಬಂದೆ. ಜಗಲಿಯ ಮೇಲೆ ಕೂತರೆ ಅವಳ ಧ್ವನಿ ಕೇಳುತ್ತಿತ್ತು, ಮಾತು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತಿತ್ತು. ಎದ್ದು ಬೀದಿಗೆ ಇಳಿದೆ. ಅಲ್ಲಿಗೂ ಕೇಳಿತು. ಬೀದಿ ದಾಟಿ ಎದುರಿನ ಹುಣಸೆಮರದ ಕೆಳಗೆ, ಬಿಸಿಲಿನಲ್ಲಿ ಅರ್ಧ ನೆರಳಿನಲ್ಲಿ ಅರ್ಧ ನಿಂತೆ.

ಸಂತೆಗೆ ಹೊರಟಿದ್ದ ಮರಮ್ಮ ಬುಟ್ಟಿ ಹೊತ್ತು ಬಂದಳು. "ಇದೇನ್ ಶೆಟ್ರೇ, ಮಂಡಿ ಒಳಗೆ ಜನ ಮಡಗಿ ನೀವು ಬೀದಿ ಕಾಯ್ತಿದ್ದೀರಿ?"

"ಒಳಗೆ ಕಥೆ ನಡೀತಿದೆ ಕಣಮ್ಮ."

"ಮತ್ತೆ ನಿಮ್ಗೆ?"

"ನನಗಿಲ್ಲ" ಎಂದೆ.